ಜಾಕಿ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳದೆ ಯಾವ ಶಾಸ್ತ್ರವೂ ಶುರುವಾಗಕೂಡದೆಂಬುದು ಹಿರಿಯರ ಕಟ್ಟಳೆ. ಅದರಂತೆ ಈ ಗ್ರಂಥದ ವಿಷಯ, ಮನೆಯಂಗಳದಲ್ಲಿ ಕಾರನ್ನು ಎತ್ತುವುದು. ಪ್ರಯೋಜನ, ಎತ್ತಿದವನು ಅದರಡಿಯಿಂದ ಇಡಿಯಾಗಿ ಹೊರಬರುವುದು. ಸಂಬಂಧ, ಜಾಕಿಗೂ ಕಾರಿಗೂ ನಡುವಿನ ಉತ್ಥಾಪಕ-ಉತ್ಥಾಪ್ಯ ಭಾವ. ಅಧಿಕಾರಿ, ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಹಳೆಯ ಬರ್ಮುಡಾ ತೊಟ್ಟು, ಗ್ಯಾರೇಜಿನ ಬಿಲ್ಲಿನಿಂದ ಮುಕ್ತಿ ಬಯಸುವ ಗೃಹಸ್ಥ.

ಭಾರ ಎತ್ತುವ ವಿದ್ಯೆಯನ್ನು ಪಾಶ್ಚಾತ್ಯರು 17ನೇ ಶತಮಾನದ ಬ್ಲೇಸ್ ಪಾಸ್ಕಲನಿಂದ ಲೆಕ್ಕ ಹಾಕುತ್ತಾರೆ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಅವನು ಕಂಡುಕೊಂಡ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದನ್ನೇ ಯಂತ್ರವಾಗಿಸಿ ಪೇಟೆಂಟ್ ಪಡೆದ. ಸಣ್ಣ ಕೊಂತವನ್ನು ಒತ್ತಿದರೆ ಹತ್ತು ಪಟ್ಟು ವಿಸ್ತೀರ್ಣದ ದೊಡ್ಡ ಕೊಂತ ಹತ್ತು ಪಟ್ಟು ಬಲದಿಂದ ಏಳುತ್ತದೆ, ಆದರೆ ಹತ್ತನೇ ಒಂದು ಪಾಲು ಮಾತ್ರ ಏಳುತ್ತದೆ. ಟ್ರಾಲಿ ಜಾಕಿಯ ಹಿಡಿಯನ್ನು ಅಷ್ಟು ಸಲ ಮೇಲೆ ಕೆಳಗೆ ಆಡಿಸಬೇಕಾಗಿ ಬರುವುದು ಈ ಕಾರಣಕ್ಕೆ. ಪ್ರಕೃತಿ ಸಾಲ ಕೊಡುತ್ತದೆ, ಬಡ್ಡಿ ಬಿಡುವುದಿಲ್ಲ.

ನಮ್ಮವರಿಗೆ ಈ ವಿಷಯದಲ್ಲಿ ಇನ್ನೂ ಹಳೆಯ ಆಧಾರಗಳಿವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ರಾವಣ ಕೈಲಾಸವನ್ನು ಎತ್ತುತ್ತಿರುವುದನ್ನು ನೋಡಿ ಜನ ಶಿಲ್ಪದ ಕುಸುರಿಯನ್ನು ಹೊಗಳುತ್ತಾರೆ. ನಮ್ಮ ಶಾಸ್ತ್ರದ ದೃಷ್ಟಿಗೆ ಅದೊಂದು ಅಪಘಾತ ವರದಿ. ಇಪ್ಪತ್ತು ತೋಳುಗಳಿದ್ದವನಿಗೆ ಎತ್ತುವ ತಾಕತ್ತಿನ ಕೊರತೆ ಇರಲಿಲ್ಲ. ಎತ್ತಿದ್ದಕ್ಕೆ ಆನಿಕೆ ಕೊಡದೆ ಅಡಿಯಲ್ಲಿ ನಿಂತದ್ದೇ ದೋಷ. ಶಿವ ಕಾಲ್ಬೆರಳೊತ್ತಿದ, ಬೆಟ್ಟ ಕೂತಿತು, ತೋಳುಗಳು ಸಿಕ್ಕಿಕೊಂಡವು, ಸಾಮಗಾನದಿಂದ ಸ್ತುತಿಸುತ್ತ ಸಾವಿರ ವರ್ಷ ಗೋಳಾಡಬೇಕಾಯಿತು. ಸಾಮಗಾನ ಬಾರದವರು ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಳ್ಳುವುದು ಮೇಲು.

ಇಲ್ಲಿ ಪೂರ್ವಪಕ್ಷ: ‘ಕೃಷ್ಣ ಗೋವರ್ಧನವನ್ನು ಏಳು ದಿನ ಕಿರುಬೆರಳಲ್ಲೇ ಹಿಡಿದಿದ್ದನಲ್ಲ? ಊರಿಗೆ ಊರೇ ಅದರಡಿ ನಿಂತಿತ್ತಲ್ಲ?’ ಸಮಾಧಾನ: ಕೃಷ್ಣನ ಕಿರುಬೆರಳಿಗೆ ರಬ್ಬರ್ ಸೀಲ್ ಇರಲಿಲ್ಲ. ಜಾಕಿಗೆ ಇದೆ. ಸೀಲ್ ಸವೆದರೆ ಎಣ್ಣೆ ಜಾರುತ್ತದೆ, ಎಣ್ಣೆ ಜಾರಿದರೆ ಕಾರು ಇಳಿಯುತ್ತದೆ, ಅದೂ ಸದ್ದಿಲ್ಲದೆ. ಆದ್ದರಿಂದ ಸಿದ್ಧಾಂತವಿದು: ಎತ್ತುವುದು ಬೇರೆ, ಹೊರುವುದು ಬೇರೆ. ಮೊದಲನೆಯದು ಜಾಕಿಯ ಧರ್ಮ, ಎರಡನೆಯದು ಸ್ಟ್ಯಾಂಡಿನ ಧರ್ಮ. ಮಂದರಪರ್ವತ ಮುಳುಗತೊಡಗಿದಾಗ ವಿಷ್ಣು ಆಮೆಯಾಗಿ ಅಡಿಗೆ ಹೋದದ್ದನ್ನು ಈ ಬೆಳಕಿನಲ್ಲಿ ಓದಬೇಕು. ಅಗಲವಾದ ತಳ, ಗಟ್ಟಿ ಬೆನ್ನು, ಅಲುಗಾಡದ ಸ್ವಭಾವ: ಸ್ಟ್ಯಾಂಡಿಗೆ ಬೇಕಾದ ಲಕ್ಷಣಗಳೆಲ್ಲ ಕೂರ್ಮಾವತಾರದಲ್ಲಿವೆ.

ಇನ್ನು ಜಾಕಿಯ ಆಯ್ಕೆ. ಡಿಕ್ಕಿಯಲ್ಲಿ ಕಂಪನಿಯವರೇ ಇಟ್ಟುಕೊಟ್ಟ ಕತ್ತರಿ ಜಾಕಿ ದಾರಿಯಲ್ಲಿ ಸ್ಟೆಪ್ನಿ ಹಾಕಲು ವಿಧಿಸಲ್ಪಟ್ಟ ಆಪದ್ಧರ್ಮ, ನಿತ್ಯಕರ್ಮವಲ್ಲ. ಟ್ರಾಲಿ ಜಾಕಿ ಕೊಳ್ಳುವಾಗ ಕಾರಿನ ಪೂರ್ತಿ ತೂಕ ನೆನೆದು ಗಾಬರಿಯಾಗಬೇಕಿಲ್ಲ. ಒಂದು ಮೂಲೆಯನ್ನೋ ಒಂದು ತುದಿಯನ್ನೋ ಎತ್ತುವಾಗ ಉಳಿದ ಭಾರವನ್ನು ನೆಲ ಹೊತ್ತಿರುತ್ತದೆ. ಆಲ್ಟೊ, ವ್ಯಾಗನಾರ್‌ಗಳಿಗೆ 2 ಟನ್ನಿನದು ಸಾಕು. ಇನ್ನೋವಾ, ಸ್ಕಾರ್ಪಿಯೊ ಇಟ್ಟುಕೊಂಡವರು 3 ಟನ್ನಿನದು ತರಲಿ. ಎಲ್ಲರೂ ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ಕೇಳುತ್ತಾರೆ, ಎಷ್ಟು ತಗ್ಗಬಲ್ಲದು ಎಂದು ಕೇಳುವವರು ವಿರಳ. ಗಾಳಿ ಹೋದ ಟೈರಿನ ಮೇಲೆ ಕೂತ ಕಾರಿನಡಿ ಜಾಕಿಯ ತಲೆ ತೂರದಿದ್ದರೆ ಅದು ಮುಂದೆ ಎಷ್ಟೆತ್ತರ ಏಳುತ್ತದೆಂಬುದು ಬರೀ ತತ್ತ್ವಚರ್ಚೆ. ಸ್ಟ್ಯಾಂಡ್ ಕೊಳ್ಳುವಾಗ, ಡಬ್ಬದ ಮೇಲಿನ ಟನ್ನು ಒಂದಕ್ಕೋ ಜೋಡಿಗೋ ಎಂದು ಕೇಳಿ ತಿಳಿಯಬೇಕು.

ಎತ್ತುವ ಮೊದಲು ಬಂಧನವಿಧಿ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗವನ್ನೇ ಎತ್ತಿದರೆ ಅದು ಗಾಳಿಯನ್ನು ಭದ್ರವಾಗಿ ಹಿಡಿದುಕೊಂಡಿರುತ್ತದೆ. ಆದ್ದರಿಂದ ನೆಲದ ಮೇಲುಳಿದ ಚಕ್ರಗಳಿಗೆ ಹಿಂದೆ ಮುಂದೆ ಬೆಣೆ ಕೊಡಬೇಕು. ಆಯುಧಪೂಜೆಯ ನಿಂಬೆಹಣ್ಣನ್ನೇ ಬೆಣೆಯೆಂದು ವಾದಿಸುವವರಿದ್ದಾರೆ. ಬೆಣೆಯ ಪುರುಷಾರ್ಥ ನಜ್ಜುಗುಜ್ಜಾಗದಿರುವುದು, ನಿಂಬೆಹಣ್ಣಿನದು ನಜ್ಜುಗುಜ್ಜಾಗುವುದು. ಎರಡನ್ನೂ ಒಂದೆನ್ನುವುದು ಹೇಗೆ? ಚಕ್ರ ಬಿಚ್ಚುವುದಾದರೆ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸತಕ್ಕದ್ದು. ತೂಗುತ್ತಿರುವ ಕಾರಿನ ತುಕ್ಕು ಹಿಡಿದ ನಟ್ಟಿನ ಮೇಲೆ ಭೀಮಬಲ ತೋರಿಸಿದರೆ ಮೊದಲು ತಿರುಗುವುದು ನಟ್ಟು ಆಗಿರಲಾರದು.

ಜಾಗ ಗಟ್ಟಿಯಾಗಿಯೂ ಸಮವಾಗಿಯೂ ಇರಬೇಕು. ಚರಂಡಿ ದಾಟಲು ಹಾಕಿದ ಇಳಿಜಾರು ಕೂಡದು, ಅಲುಗಾಡುವ ಕಲ್ಲುಚಪ್ಪಡಿಯೂ ಕೂಡದು. ಇಲ್ಲೊಂದು ಸೂಕ್ಷ್ಮವಿದೆ. ಜಾಕಿಯ ತೋಳು ನೆಟ್ಟಗೆ ಏಳುವುದಿಲ್ಲ, ಕಮಾನಿನಂತೆ ಬಾಗಿ ಏಳುತ್ತದೆ. ಕಾರು ಇದ್ದಲ್ಲೇ ಇರುವುದರಿಂದ ಜಾಕಿಯೇ ತನ್ನ ಪುಟ್ಟ ಗಾಲಿಗಳ ಮೇಲೆ ಕಾರಿನಡಿಗೆ ಸರಿಯಬೇಕು. ಗಾಲಿ ಇರುವುದು ಗೇಟಿನಿಂದ ಎಳೆದು ತರುವ ಅನುಕೂಲಕ್ಕೆಂಬುದು ಪಾಮರರ ಮತ. ಮಣ್ಣಿನಲ್ಲಿ ಗಾಲಿ ಹೂತರೆ ಜಾಕಿ ಸರಿಯದು, ಆಗ ಮೇಲಿನ ತಲೆ ಜಾರುತ್ತದೆ.

ತಲೆಯನ್ನು ಎಲ್ಲಿ ಇಡಬೇಕೆಂಬುದಕ್ಕೆ ಮ್ಯಾನ್ಯುಯಲ್ಲೇ ಶ್ರುತಿ, ಮೆಕ್ಯಾನಿಕ್ ಹೇಳಿದ್ದು ಸ್ಮೃತಿ, ಯೂಟ್ಯೂಬ್ ಪುರಾಣ. ವಿರೋಧ ಬಂದರೆ ಶ್ರುತಿಗೇ ಬಲ. ದುರದೃಷ್ಟವಶಾತ್ ಶ್ರುತಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪ್ಲಾಸ್ಟಿಕ್ ಕವರು ಒಡೆಯದೆ ಇರುತ್ತದೆ, ಅಪೌರುಷೇಯವಾದ್ದರಿಂದ ಯಾವ ಪುರುಷನೂ ಮುಟ್ಟುವುದಿಲ್ಲ. ಬಾಗಿಲಿನಡಿಯ ಅಂಚಿನಲ್ಲಿ ಕಚ್ಚು ಮಾಡಿ ತೋರಿಸಿರುವ ಜಾಗಗಳನ್ನು ಅದು ಹೇಳುತ್ತದೆ. ಇಂಜಿನ್ ಆಯಿಲಿನ ಚೇಂಬರಿಗೆ ಜಾಕಿ ಕೊಡುವುದು ಮಹಾಪಾತಕ.

ಉಳಿದದ್ದು ಪ್ರಬಲ ವಿರೋಧಿಯ ಖಂಡನೆ. ಇವರು ‘ಏನಾಗಲ್ಲ ಬಿಡಿ ಸಾರ್’ ದರ್ಶನದವರು. ಸಾಮಾನ್ಯವಾಗಿ ಪಕ್ಕದ ಮನೆಯಲ್ಲಿರುತ್ತಾರೆ. ಸ್ಟ್ಯಾಂಡಿನ ಬದಲು ಎರಡು ಹಾಲೊ ಬ್ಲಾಕ್ ತಂದುಕೊಡುವಷ್ಟು ಉದಾರಿಗಳು. ‘ಇಷ್ಟು ವರ್ಷ ಹೀಗೇ ಮಾಡಿದ್ದೇನೆ, ಏನೂ ಆಗಿಲ್ಲ’ ಎಂಬುದೇ ಅವರ ಏಕೈಕ ಹೇತು. ಕಾಗೆ ಕೂರದೆಯೂ ತಾಳೆಹಣ್ಣು ಬೀಳುತ್ತದೆಂಬುದನ್ನು ಅವರು ಒಪ್ಪುತ್ತಾರೆ, ತಾವು ಕೂತಿರುವುದು ತಾಳೆಮರದಡಿ ಎಂಬುದನ್ನು ಒಪ್ಪುವುದಿಲ್ಲ. ಹಾಲೊ ಬ್ಲಾಕು ಹರಡಿದ ಭಾರವನ್ನು ಗೋಡೆಯಲ್ಲಿ ವರ್ಷಾನುಗಟ್ಟಲೆ ಹೊರುತ್ತದೆ. ಅದೇ ಭಾರ ಒಂದು ಬಿಂದುವಿನಲ್ಲಿ ಬಿದ್ದರೆ ಮುನ್ಸೂಚನೆ ಕೊಡದೆ ಸಿಡಿಯುತ್ತದೆ. ಸ್ಟ್ಯಾಂಡಿನ ಮೇಲೆ ಕೂರಿಸಿದ ಕಾರನ್ನೂ ಅಡಿಗೆ ಹೋಗುವ ಮುನ್ನ ಕೈಯಿಂದ ಒಮ್ಮೆ ದೂಡಿ ನೋಡಬೇಕು. ಬಿಚ್ಚಿದ ಚಕ್ರವನ್ನು ಅಂಚಿನಡಿ ಮಲಗಿಸಬೇಕು. ಎತ್ತುವಾಗಲೂ ಇಳಿಸುವಾಗಲೂ ಕಾರಿನೊಳಗೆ ಯಾರೂ ಇರಕೂಡದು. ಇಳಿಸುವಾಗ ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸಬೇಕು, ಅಡಿಯಲ್ಲಿ ಮಕ್ಕಳ ಚೆಂಡೂ ಚೆಂಡಿನ ಹಿಂದೆ ಮಗುವೂ ಇಲ್ಲವೆಂದು ಬಗ್ಗಿ ನೋಡಿದ ಮೇಲೆ.

ಕೊನೆಗೆ ದಾನಪ್ರಕರಣ. ಮೇಲ್ಕಂಡ ದರ್ಶನದವರು ಜಾಕಿ ಕೇಳಿಕೊಂಡು ಬರುತ್ತಾರೆ. ಸ್ಟ್ಯಾಂಡುಗಳನ್ನೂ ಜೊತೆಗೇ ಕೊಡತಕ್ಕದ್ದು. ‘ಅದೆಲ್ಲ ಯಾಕೆ ಸಾರ್, ಐದು ನಿಮಿಷದ ಕೆಲಸ’ ಎಂದರೆ, ಜಾಕಿ ನಿನ್ನೆಯೇ ಭಾವನ ಮನೆಗೆ ಹೋಯಿತೆಂದು ಹೇಳಬಹುದು. ಇಷ್ಟು ಸುಳ್ಳಿಗೆ ಈ ಶಾಸ್ತ್ರದ ಸಮ್ಮತಿ ಇದೆ.