ಮನೆಯಂಗಳದಲ್ಲಿ ಬುಷ್ ಬದಲಿಸುವ ಕ್ರಮ: ಕೊಲ್ಲೂರು ಸೀಮೆಯ ಕಾರಿನವರಿಗೊಂದು ಕೈಪಿಡಿ

ಈ ಕೈಪಿಡಿಯನ್ನು ಕಾರಿನಡಿ ಮಲಗಿ ಓದಬೇಡಿ. ಜಗಲಿಯಲ್ಲಿ ಕೂತು ಕೊನೆಯವರೆಗೆ ಓದಿ ಮುಗಿಸಿ. ಓದುತ್ತ ಓದುತ್ತಲೇ ಕೆಲವರ ಮನಸ್ಸು ಬದಲಾಗುತ್ತದೆ. ಅಂಥವರಿಗೆ ಕೈಪಿಡಿ ಪೂರ್ತಿ ಫಲ ಕೊಟ್ಟಿತೆಂದೇ ಲೆಕ್ಕ.

ರೋಗಲಕ್ಷಣ: ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ವಂಡ್ಸೆ, ಜಡ್ಕಲ್ ದಾಟಿ ಕೊಲ್ಲೂರಿಗೆ ಬರುವಾಗ ಪ್ರತಿ ರಸ್ತೆಹಂಪಿಗೂ ಮುಂದಿನ ಚಕ್ರದ ಬಳಿ ‘ಕಟಕ್’ ಎನ್ನುತ್ತದೆ. ಮೊದಲ ತಿಂಗಳ ಚಿಕಿತ್ಸೆ, ಹಾಡಿನ ಸದ್ದು ಏರಿಸುವುದು. ಎರಡನೆಯ ತಿಂಗಳು ಡಿಕ್ಕಿಯಲ್ಲಿರುವ ತೆಂಗಿನಕಾಯಿಯ ಮೇಲೆ ಆರೋಪ ಹೊರಿಸುವುದು. ಕಾಯಿ ಇಳಿಸಿದ ಮೇಲೂ ಸದ್ದು ಉಳಿದು, ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆದು, ಟಯರಿನ ಒಳಅಂಚು ಬೋಳಾಗತೊಡಗಿದರೆ ಚಕ್ರವನ್ನು ಚಾಸಿಗೆ ಸೇರಿಸುವ ಲೋವರ್ ಆರ್ಮಿನ ಬುಷ್ ಹೋಗಿದೆಯೆಂದು ಅನುಮಾನಿಸಬಹುದು. 1983ರಲ್ಲಿ ಬಂದ ಮಾರುತಿ 800ನ್ನು ಇನ್ನೂ ಸಾಕುತ್ತಿರುವ ಪುಣ್ಯವಂತರು ಸ್ಟೆಬಿಲೈಸರ್ ಬಾರಿನ ಬುಷ್ಷನ್ನೂ ನೋಡಬೇಕು. ಆ ಕಾರಿನಲ್ಲಿ ಕಾರು ವಾಲದಂತೆ ತಡೆಯುವುದೂ ಚಕ್ರ ಹಿಂದೆಮುಂದೆ ಸರಿಯದಂತೆ ಹಿಡಿಯುವುದೂ ಅದೊಂದೇ ಬಾರು.

ಕೊಲ್ಲೂರಿನ ದೇವಸ್ಥಾನಕ್ಕೆ ಬರುವ ಹೊಸ ಕಾರುಗಳಿಗೆಲ್ಲ ಪೂಜೆಯಾಗುತ್ತದೆ. ಬಾನೆಟ್ಟಿಗೆ ಕುಂಕುಮ, ಕನ್ನಡಿಗೆ ಹೂವು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಬುಷ್ಷಿಗೆ ಕುಂಕುಮ ಇಟ್ಟವರನ್ನು ಯಾರೂ ಕಂಡಿಲ್ಲ. ಕಾರಿನಲ್ಲಿ ಅತಿ ಹೆಚ್ಚು ಒದೆ ತಿನ್ನುವ, ಅತಿ ಕಡಿಮೆ ಮರ್ಯಾದೆ ಸಿಗುವ ವಸ್ತು ಇದು: ಎರಡು ಉಕ್ಕಿನ ಬಳೆಗಳ ನಡುವೆ ಕಚ್ಚಿಕೊಂಡ ಒಂದು ಉಂಡೆ ರಬ್ಬರು. ಅದೂ ಬಹಳಷ್ಟು ಸಲ ಮರದಿಂದಲೇ ಇಳಿಸಿದ ರಬ್ಬರು, ಏಕೆಂದರೆ ದಿನವಿಡೀ ಹೊಡೆತ ತಿಂದು ಮೊದಲಿನ ಆಕಾರಕ್ಕೆ ಮರಳುವ ಗುಣದಲ್ಲಿ ಮರದ ಹಾಲನ್ನು ಮೀರಿಸುವುದು ಕಷ್ಟ. ಜಡ್ಕಲ್, ಮುದೂರಿನ ಗುಡ್ಡಗಳಲ್ಲಿ ಕೇರಳದಿಂದ ಬಂದು ನೆಲೆಸಿದವರ ರಬ್ಬರು ತೋಟಗಳಿವೆ. ನಿಮ್ಮ ಕಾರಿನ ಬುಷ್ ಅಲ್ಲಿಂದಲೇ ಹೊರಟು ದೇಶ ಸುತ್ತಿ ಮರಳಿ ಬಂದಿದ್ದರೂ ಆಶ್ಚರ್ಯವಿಲ್ಲ.

ಮುಹೂರ್ತ: ನವರಾತ್ರಿಯಲ್ಲಿ ಬೇಡ. ವಿಜಯದಶಮಿಯಂದು ಅಕ್ಷರಾಭ್ಯಾಸಕ್ಕೆ ಬರುವ ಮಕ್ಕಳ ಮನೆಯವರು ನಿಮ್ಮ ಅಂಗಳವನ್ನೂ ಪಾರ್ಕಿಂಗ್ ಜಾಗವೆಂದೇ ತಿಳಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಚಾದ್ರಿ ಕಡೆಯ ಮಳೆ ನಿಮ್ಮ ಕೆಲಸಕ್ಕೆಂದು ಬಿಡುವು ಕೊಡುವುದಿಲ್ಲ. ಅಂಗಳಕ್ಕೆ ಅಡಿಕೆ ಹರಡುವ ಮೊದಲಿನ ಒಂದು ಒಣ ಭಾನುವಾರವನ್ನು ಹಿಡಿದುಕೊಳ್ಳಿ.

ಸಾಮಾನು: ಪಾನಾ ಸೆಟ್ಟು, ಉದ್ದನೆಯ ಹಿಡಿಯ ಸಾಕೆಟ್ಟು, ಸುತ್ತಿಗೆ, ತುಕ್ಕು ಬಿಡಿಸುವ ಸ್ಪ್ರೇ, ದಪ್ಪ ಮರೆ (ಥ್ರೆಡ್) ಇರುವ ಬೋಲ್ಟು ಒಂದು, ದೊಡ್ಡ ವಾಷರುಗಳು, ಮಲಗಲು ಗೋಣಿಚೀಲ, ಬಿಚ್ಚಿದ ನಟ್ಟುಗಳನ್ನು ಹಾಕಿಡಲು ಅಡಿಕೆ ಹಾಳೆ. ಜೊತೆಗೆ ಒಬ್ಬ ಭಾವ. ಭಾವನಿಗೆ ಕೆಲಸ ಗೊತ್ತಿರಬೇಕಾಗಿಲ್ಲ, ಟಾರ್ಚ್ ಹಿಡಿದು ಬೇರೆ ಕಡೆ ಬೆಳಕು ಬಿಡುವಷ್ಟು ಬಂದರೆ ಸಾಕು.

ಇಲ್ಲಿ ತಮಾಷೆಯನ್ನು ಒಂದು ಪ್ಯಾರಾ ಬದಿಗಿಡೋಣ. ಕಾರನ್ನು ಎತ್ತುವುದು ಜಾಕಿ, ಹಿಡಿದು ನಿಲ್ಲಿಸುವುದು ಸ್ಟ್ಯಾಂಡು. ನಮ್ಮಲ್ಲಿ ಸ್ಟ್ಯಾಂಡಿನ ಬದಲು ಎರಡು ಕೆಂಪುಕಲ್ಲು ಪೇರಿಸಿಟ್ಟು ಒಳಗೆ ನುಸುಳುವವರಿದ್ದಾರೆ. ಆ ಕಲ್ಲು ಗೋಡೆಗೆ ಸರಿ. ಕಾರಿನ ಭಾರ ಒಂದು ಮೂಲೆಯಲ್ಲಿ ಕೂತರೆ ಹೇಳದೆ ಕೇಳದೆ ಒಡೆಯುತ್ತದೆ. ಸಿಮೆಂಟ್ ಇಟ್ಟಿಗೆಯೂ ಅಷ್ಟೇ. ಹಿಂದಿನ ಚಕ್ರಗಳಿಗೆ ತಡೆ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿ. ಸ್ಟ್ಯಾಂಡ್ ಇಲ್ಲವೆಂದರೆ ಕೆಲಸವೂ ಇಲ್ಲ.

ಬಿಚ್ಚುವುದು: ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿದ ಆರ್ಮಿನ ಬೋಲ್ಟಿಗೆ ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಅದು ಅಲುಗುವುದಿಲ್ಲ. ಮತ್ತೆ ಹೊಡೆಯಿರಿ. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುವವರೊಬ್ಬರು ದಣಪೆ ದಾಟಿ ಬಂದು ಬಗ್ಗಿ ನೋಡುತ್ತಾರೆ.

“ಹ್ವಾಯ್, ಎಂತ ಆಯ್ತ್ ಕಾರಿಗೆ?”

“ಬುಷ್ ಹೋಯ್ತ್.”

“ಹೋಯ್ಲಿ ಮರ್ರೆ, ಅದಕ್ಕೆ ನೀವ್ ಎಂತಕ್ಕೆ ಅಡಿಗ್ ಹೊಕ್ಕದ್? ಗ್ಯಾರೇಜಿನವ್ರ್ ಇಲ್ಯಾ?”

ಈ ಪ್ರಶ್ನೆಗೆ ಉತ್ತರ ಕೊಡಬೇಡಿ. ಬೋಲ್ಟಿನ ಕಡೆ ಗಮನವಿಡಿ.

ಹೊರಗೆ ಹಾಕುವುದು, ಒಳಗೆ ಕೂರಿಸುವುದು: ಆರ್ಮ್ ಕಳಚಿ ಬಂದ ಮೇಲೆ ಅದರ ಬುಷ್ ಒತ್ತಿ ತೆಗೆಯಲು ಗ್ಯಾರೇಜಿನಲ್ಲಿ ಪ್ರೆಸ್ ಇರುತ್ತದೆ, ಅಂಗಳದಲ್ಲಿ ನೀವಿದ್ದೀರಿ. ಹಳೆಯ ರಬ್ಬರಿಗೆ ಬೆಂಕಿ ಕೊಟ್ಟು ಬಿಡಿಸುವವರಿದ್ದಾರೆ. ಆ ಹೊಗೆ ಎದೆಗೂ ಕೆಟ್ಟದ್ದು, ಒಣಗಲು ಹಾಕಿದ ಬಟ್ಟೆಗೂ ಕೆಟ್ಟದ್ದು. ಬುಷ್ ನುಂಗುವಷ್ಟು ಅಗಲದ ಕೊಳವೆಯನ್ನು ಒಂದು ಬದಿಗೆ, ಬುಷ್ಷಿನ ಹೊರಬಳೆಗೆ ಸರಿಹೊಂದುವ ವಾಷರನ್ನು ಇನ್ನೊಂದು ಬದಿಗೆ ಇಟ್ಟು, ನಡುವೆ ಮರೆಬೋಲ್ಟು ಹಾಯಿಸಿ ನಟ್ಟು ತಿರುವುತ್ತ ಹೋದರೆ ಅದು ತಾನಾಗಿ ಸರಿದು ಬರುತ್ತದೆ. ಅದಕ್ಕೂ ಮೊದಲು ಹಳೆಯದು ಯಾವ ದಿಕ್ಕಿಗೆ ಮುಖ ಮಾಡಿತ್ತೆಂದು ಗುರುತು ಹಾಕಿಕೊಳ್ಳಿ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಟೊಳ್ಳು ಇರುತ್ತದೆ, ಅದರ ದಿಕ್ಕು ತಪ್ಪಿದರೆ ಹೊಸ ಬುಷ್ ಹಳೆಯದಕ್ಕಿಂತ ಬೇಗ ಹರಿಯುತ್ತದೆ.

ಹೊಸ ಬುಷ್ಷನ್ನು ಹಿಂದಿನ ದಿನ ಫ್ರೀಜರಿನಲ್ಲಿಟ್ಟರೆ ಹೊರಬಳೆ ಕೂದಲೆಳೆಯಷ್ಟು ಕುಗ್ಗಿ ಒಳಗೆ ಹೋಗಲು ಒಪ್ಪುತ್ತದೆ. ಬಂಗುಡೆಯ ಪಕ್ಕದಲ್ಲಿಡಬೇಕೋ ಐಸ್‌ಕ್ರೀಮಿನ ಪಕ್ಕದಲ್ಲೋ ಎಂಬುದು ನಿಮ್ಮ ಮನೆಯ ಆಚಾರಕ್ಕೆ ಬಿಟ್ಟದ್ದು. ಜಾರಲೆಂದು ಗ್ರೀಸು, ಹಳೆಯ ಆಯಿಲು, ತೆಂಗಿನೆಣ್ಣೆ ಬಳಿಯಬೇಡಿ. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸೋಪು ನೀರು ಸಾಕು.

ಈಗ ಈ ಕೈಪಿಡಿಯನ್ನು ಬರೆಯಲು ಕಾರಣವಾದ ಹಂತ. ಹೊಸ ಬುಷ್ ಕೂತಿದೆ, ಆರ್ಮ್ ಮೊದಲಿನ ಜಾಗಕ್ಕೆ ಸೇರಿದೆ, ಚಕ್ರ ಗಾಳಿಯಲ್ಲಿ ನೇತಾಡುತ್ತಿದೆ, ಬೋಲ್ಟು ಕೈಗೆ ಸಿಗುವಂತಿದೆ. ಮನುಷ್ಯರಾದವರಿಗೆಲ್ಲ ಅದನ್ನು ಆಗಲೇ ಗಟ್ಟಿಯಾಗಿ ಬಿಗಿದು ಕೈ ತೊಳೆಯೋಣವೆನಿಸುತ್ತದೆ. ಬಿಗಿಯಬೇಡಿ. ಬುಷ್ ಬೇರಿಂಗಿನ ಹಾಗೆ ತಿರುಗುವ ವಸ್ತುವಲ್ಲ. ಬೋಲ್ಟು ಬಿಗಿದೊಡನೆ ಒಳಬಳೆ ಚಾಸಿಗೆ ಕಚ್ಚಿಕೊಳ್ಳುತ್ತದೆ, ಹೊರಬಳೆ ಆರ್ಮಿನ ಜೊತೆ ಆಡುತ್ತದೆ, ನಡುವಿನ ರಬ್ಬರು ಹಿಂಡಿದ ಬೈರಾಸಿನಂತೆ ತಿರುಚಿಕೊಳ್ಳುತ್ತದೆ. ಯಾವ ಭಂಗಿಯಲ್ಲಿ ಬಿಗಿದಿರೋ ಅದೇ ಅದರ ಪಾಲಿಗೆ ವಿಶ್ರಾಂತಿಯ ಭಂಗಿ. ಚಕ್ರ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ಇರಬೇಕು, ಅಂಗಳದಲ್ಲಿ ಸುಮ್ಮನೆ ನಿಂತಾಗಲೂ. ಅಂಥ ಬುಷ್ ಬೇಗನೆ ಹರಿದು ಮತ್ತೆ ‘ಕಟಕ್’ ಎನ್ನುತ್ತದೆ, ನೀವು ಅಂಗಡಿಯವನ ಡೂಪ್ಲಿಕೇಟ್ ಮಾಲನ್ನು ಬೈಯುತ್ತೀರಿ.

ಕೊಡಚಾದ್ರಿಗೆ ಜೀಪು ಏರಿಸುವವರನ್ನು ಕೇಳಿ ನೋಡಿ. 1,343 ಮೀಟರಿನ ಬೆಟ್ಟಕ್ಕೆ ಕಲ್ಲುಗುಂಡಿಯ ದಾರಿಯಲ್ಲಿ ದಿನಾ ಹತ್ತಿಳಿಯುವ ಅವರಿಗೆ ಬುಷ್ ಎಂದರೆ ಅನ್ನದ ಪ್ರಶ್ನೆ. “ಮೊದ್ಲ್ ಕೆಳ್ಗ್ ಇಳ್ಸಿ, ಮತ್ತೆ ಬಿಗಿ ಮಾಡಿ ಮರ್ರೆ” ಎನ್ನುತ್ತಾರೆ. ಕಾರು ನೆಲದ ಮೇಲಿದ್ದಾಗ ಅಡಿಗೆ ಕೈ ಹೋಗದಿದ್ದರೆ, ಆರ್ಮಿನ ಚಕ್ರದ ತುದಿಯ ಕೆಳಗೆ ಜಾಕಿ ಕೊಟ್ಟು, ಕಾರು ಸ್ಟ್ಯಾಂಡಿನಿಂದ ಇನ್ನೇನು ಏಳಬೇಕು ಎನ್ನುವವರೆಗೆ ಎತ್ತಿ ಬಿಗಿಯಿರಿ. ಸ್ಟ್ಯಾಂಡು ಅಲ್ಲೇ ಇರಲಿ. ಎಷ್ಟು ಬಿಗಿ ಎಂಬುದು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿದೆ, ಭಾವನ ತೋಳಿನಲ್ಲಿಲ್ಲ.

ಎರಡೂ ಬದಿ ಒಟ್ಟಿಗೇ ಬದಲಿಸಿ. ಆಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು, ಅದಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದ ಕುಂದಾಪುರದ ಕಡೆ ಹೊರಡಿ. ಅರ್ಧ ದಿನದಲ್ಲಿ ಈ ಕೆಲಸ ಮುಗಿಸಿಕೊಡುತ್ತಿದ್ದ ಗ್ಯಾರೇಜುಗಳು ದಾರಿಯುದ್ದಕ್ಕೂ ಕಾಣುತ್ತವೆ. ಉಳಿಸಿದ ಕೂಲಿಯ ಲೆಕ್ಕವನ್ನು ಮನೆಯಲ್ಲಿ ಹೇಳುವಾಗ ಪೆಟ್ರೋಲು, ಸ್ಪ್ರೇ, ಹೊಸ ಸಾಕೆಟ್ಟು ಸೇರಿಸದಿರುವುದು ರೂಢಿ.

ಇಷ್ಟು ಓದಿ ಕಾರನ್ನು ಗ್ಯಾರೇಜಿಗೇ ಕೊಡುವ ತೀರ್ಮಾನಕ್ಕೆ ಬಂದಿದ್ದರೆ ಒಳ್ಳೆಯದೇ. ಆದರೆ ಬೋಲ್ಟು ಬಿಗಿಯುವ ಹೊತ್ತಿಗೆ ಅಲ್ಲೇ ನಿಂತಿರಿ, ಕಾರನ್ನು ಕೆಳಗಿಳಿಸಿದ ಮೇಲೆಯೇ ಬಿಗಿಯಲು ಹೇಳಿ.