30 ಸಾವಿರದ ಕಚಗುಳಿ

ಉಡುಪಿ ಜಿಲ್ಲೆಯ ನಮ್ಮೂರು ಯಡ್ತರೆಗೂ ಬಂತು ನೋಡಿ. ಒಳಚರಂಡಿ ಇರಬಹುದೆಂದು ಆಸೆಪಡಬೇಡಿ. ಬಂದದ್ದು ಮುಖಕ್ಕೆ ಕರೆಂಟ್ ಕೊಡುವ ಯಂತ್ರ.

ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಕೊಂಬೆ ಬಿದ್ದರೆ ಸಾಕು, ಊರಿಡೀ ಕತ್ತಲೆ. ಪಂಪು ತಿರುಗದು, ಮಿಕ್ಸಿ ಅಲ್ಲಾಡದು. ಕೆನ್ನೆಗೆ ಮಾತ್ರ ವಾರಕ್ಕೆ ಐದು ದಿನ ತಪ್ಪದ ಸಪ್ಲೈ. ಪ್ರಗತಿ ಎಂದರೆ ಇದೇ.

ಹೆಸರು ಮೈಕ್ರೋಕರೆಂಟ್. ಅಂಗೈಯಲ್ಲಿ ಹಿಡಿಯುವಷ್ಟು ಉಪಕರಣ, ತುದಿಗೆ ಎರಡು ಲೋಹದ ಗುಂಡು. ಮುಖಕ್ಕೆ ಜೆಲ್ ಬಳಿಯಬೇಕು. ಗದ್ದದಿಂದ ಕಿವಿಯತ್ತ, ಹುಬ್ಬಿನಿಂದ ಮೇಲಕ್ಕೆ ಎಳೆಯಬೇಕು. ಜೋತ ಕೆನ್ನೆ ಏರುತ್ತದಂತೆ. ಸುಕ್ಕು ಇಳಿಯುತ್ತದಂತೆ. ಈ 'ಅಂತೆ'ಗೆ ಬೆಲೆ ಕಟ್ಟಿದ್ದಾರೆ. ಹೆಸರಾಂತ ಬ್ರಾಂಡಿನದಕ್ಕೆ ಅಮೆರಿಕದಲ್ಲೇ 300 ಡಾಲರ್ ದಾಟುತ್ತದೆ. ಇಲ್ಲಿಗೆ ತಲುಪುವಾಗ ಹತ್ತಿರ ಹತ್ತಿರ 30 ಸಾವಿರ ರೂಪಾಯಿ.

2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಲೆಕ್ಕ ಹಾಕಿ. ಬಿಸಿಲಲ್ಲಿ 81 ದಿನ ಮಣ್ಣು ಹೊತ್ತರೆ ಒಂದು ಯಂತ್ರ. ಆ 81 ದಿನದ ಬಿಸಿಲಿಗೆ ಬಿದ್ದ ಸುಕ್ಕನ್ನು ಅದರಿಂದಲೇ ತೆಗೆಯಬಹುದು!

ನೆಂಟರ ಮನೆಯ ಮದುವೆಯಲ್ಲಿ ಒಂದನ್ನು ಕಣ್ಣಾರೆ ಕಂಡೆ. ದುಬೈಯಿಂದ ಬಂದವರೊಬ್ಬರು ಬ್ಯಾಗಿನಿಂದ ತೆಗೆದರು. ಸುತ್ತ ಹೆಂಗಸರ ಹಿಂಡು. ಏನೂ ಆಸಕ್ತಿ ಇಲ್ಲದವರಂತೆ ಕಂಬಕ್ಕೆ ಒರಗಿ ನಾಲ್ಕು ಗಂಡಸರು. ಅತ್ತಿಗೆಯ ಬಲಗೆನ್ನೆಯ ಮೇಲೆ ಗುಂಡು ಉರುಳಿತು.

"ಎಂತಾರೂ ಗೊತ್ತಾತ್ತಾ ಅತ್ಗೆ?"

"ಎಂತದೂ ಇಲ್ಲೆ ಮಾರಾಯ್ತಿ."

"ಅದೇ ಇದ್ರ್ ವಿಶೇಷ. ಗೊತ್ತೇ ಆತಿಲ್ಲೆ."

ಎಲ್ಲರೂ ತಲೆದೂಗಿದರು. ಗೊತ್ತೇ ಆಗದ ವಸ್ತುವಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಚುನಾವಣೆಯ ಸಮಯ ಬಿಟ್ಟರೆ ಬೇರೆಲ್ಲೂ ನೋಡಿಲ್ಲ.

ಅತ್ತಿಗೆ ಹೇಳಿದ್ದು ವೈಜ್ಞಾನಿಕವಾಗಿಯೂ ಸರಿ. ಈ ಯಂತ್ರ ಹರಿಸುವುದು ಕೆಲವು ನೂರು ಮೈಕ್ರೋಆಂಪಿಯರ್. ಒಂದು ಪುಟಾಣಿ ಎಲ್‌ಇಡಿ ದೀಪ ಚೆನ್ನಾಗಿ ಬೆಳಗಲು ಸುಮಾರು 20 ಸಾವಿರ ಮೈಕ್ರೋಆಂಪಿಯರ್ ಕುಡಿಯುತ್ತದೆ. ದೀಪವೇ ಸರಿಯಾಗಿ ಬೆಳಗದಷ್ಟು ಕರೆಂಟಿನಲ್ಲಿ ಮುಖ ಬೆಳಗಬೇಕು. ಸ್ನಾಯು ಕುಣಿಯುವಂತೆ ಮಾಡುವ ಯಂತ್ರಗಳೇ ಬೇರೆ, ಅವುಗಳ ಕರೆಂಟು ಇದಕ್ಕಿಂತ ಎಷ್ಟೋ ಜಾಸ್ತಿ. ಆದರೂ ಇದರ ಜಾಹೀರಾತು ಹೇಳುವುದೇನು? 'ಮುಖಕ್ಕೆ ಜಿಮ್'. ಬೆವರಿಲ್ಲ, ಭಾರವಿಲ್ಲ, ಸ್ನಾಯು ಅಲುಗುವುದೂ ಇಲ್ಲ. ಜಿಮ್ ಅಂತೆ.

ವಿಜ್ಞಾನ ಇದೆ ಎನ್ನುತ್ತಾರೆ. ಇದೆ. 1982ರ ಒಂದು ಪ್ರಯೋಗ. ಕೋಶಗಳ ಇಂಧನವಾದ ಎಟಿಪಿ ಸಣ್ಣ ಕರೆಂಟಿನಿಂದ ಶೇ 500ರವರೆಗೆ ಹೆಚ್ಚಿತು ಎಂದು ಅದರಲ್ಲಿ ಬಂದಿದೆ. ಈ ಐನೂರನ್ನು ಮಾರಾಟಗಾರರು ಮಂತ್ರದಂತೆ ಜಪಿಸುತ್ತಾರೆ. ಪ್ರಯೋಗ ನಡೆದದ್ದು ಯಾರ ಮೇಲೆ ಎಂಬುದನ್ನು ನುಂಗುತ್ತಾರೆ. ಇಲಿಯ ಮೇಲೆ. ಇಡೀ ಇಲಿಯೂ ಅಲ್ಲ, ಕತ್ತರಿಸಿ ತೆಗೆದ ಚರ್ಮದ ತುಣುಕು. ಆ ಇಲಿ ಯಂಗ್ ಆಗಿ ಕಂಡಿತೇ ಎಂದು ಯಾರೂ ಕೇಳಲಿಲ್ಲ. ಕೇಳಲು ಇಲಿಯೇ ಇರಲಿಲ್ಲ.

ಹೊಸ ತಂತ್ರಜ್ಞಾನ ಎಂದೂ ಹೇಳುತ್ತಾರೆ. 1862ರಲ್ಲೇ ಫ್ರಾನ್ಸಿನ ವೈದ್ಯ ಡುಶೆನ್ ಮನುಷ್ಯರ ಮುಖಕ್ಕೆ ವಿದ್ಯುತ್ ಕೊಟ್ಟು, ಸ್ನಾಯುಗಳನ್ನು ಕುಣಿಸಿ, ಫೋಟೊಗಳ ಸಮೇತ ಪುಸ್ತಕ ಹೊರತಂದಿದ್ದ. ಅವನು ಹುಡುಕುತ್ತಿದ್ದದ್ದು ನಗು ಅಳುಗಳ ಗುಟ್ಟು. ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವವನು ಹಲ್ಲುದುರಿದ ಒಬ್ಬ ಮುದುಕ. ಅಷ್ಟೆಲ್ಲ ಕರೆಂಟ್ ತಿಂದೂ ಮುದುಕ ಮುದುಕನಾಗಿಯೇ ಉಳಿದ.

ಈಗ ಪೆಟ್ಟಿಗೆಯ ಮೇಲಿನ ದೊಡ್ಡಕ್ಷರಕ್ಕೆ ಬನ್ನಿ. ಎಫ್‌ಡಿಎ. ಅಮೆರಿಕ ಸರ್ಕಾರದ ಸಂಸ್ಥೆ. ಭಕ್ತಿಯಿಂದ ಕೈಮುಗಿಯುವ ಮೊದಲು ಒಂದು ನಿಮಿಷ. ಇಂಥ ಯಂತ್ರಗಳಿಗೆ ಸಿಗುವುದು '510(ಕೆ)' ಎಂಬ ದಾರಿಯ ಕ್ಲಿಯರೆನ್ಸ್. ಈಗಾಗಲೇ ಕಾನೂನುಬದ್ಧವಾಗಿ ಮಾರಾಟದಲ್ಲಿರುವ ಇನ್ನೊಂದು ಯಂತ್ರಕ್ಕೆ ಇದು ಸಮಾನ ಎಂದು ತೋರಿಸಿದರೆ ಮುಗಿಯಿತು. ಆ ಇನ್ನೊಂದು? ಅದೂ ಅದರ ಹಿಂದಿನ ಮತ್ತೊಂದಕ್ಕೆ ಸಮಾನ ಎಂದು ತೋರಿಸಿಕೊಂಡು ಬಂದಿರಬಹುದು. ಇದನ್ನು ಸರ್ಕಾರದ ಅನುಮೋದನೆ ಎಂಬಂತೆ ಬಿಂಬಿಸುವುದೇ ದಾರಿ ತಪ್ಪಿಸುವ ಕೆಲಸ ಎಂದು ಅದೇ ಎಫ್‌ಡಿಎ ನಿಯಮದಲ್ಲಿ ಬರೆದಿದೆ. ಮಾರುವವರು ಓದಿಲ್ಲ. ಕೊಳ್ಳುವವರು ಕೇಳಿಲ್ಲ.

ಮಾರುವವರ ಇಬ್ಬಂದಿತನ ನೋಡಿ. ಗಿರಾಕಿಯ ಮುಂದೆ ಇದು ವೈದ್ಯಕೀಯ ವಿಜ್ಞಾನ. ವಕೀಲರ ಮುಂದೆ ಬರೀ ಸೌಂದರ್ಯ ಸಾಧನ. ದೊಡ್ಡಕ್ಷರದಲ್ಲಿ 'ಸಾಬೀತಾಗಿದೆ'. ಸಣ್ಣಕ್ಷರದಲ್ಲಿ 'ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಹುದು'. ಏರಿದರೆ ಯಂತ್ರದ ಮಹಿಮೆ. ಏರದಿದ್ದರೆ ನಿಮ್ಮ ಮುಖದ ದೋಷ.

ಸಣ್ಣಕ್ಷರ ಇನ್ನೂ ಮುಗಿದಿಲ್ಲ. ಪೇಸ್‌ಮೇಕರ್ ಇದ್ದವರು ಬಳಸಬಾರದು. ಮೂರ್ಛೆರೋಗ ಇದ್ದವರು ಬಳಸಬಾರದು. ಗರ್ಭಿಣಿಯರು ಬಳಸಬಾರದು. ಯಂತ್ರ ಯಾರಿಗೆಂದು ಮಾಡಿದ್ದು? ವಯಸ್ಸಾದವರಿಗೆ. ಪೇಸ್‌ಮೇಕರ್ ಇರುವುದು ಯಾರಿಗೆ? ಆದರೂ ಯಂತ್ರವನ್ನು ಹೊಗಳುವ ರೀಲ್ಸ್‌ನ ಚೆಲುವೆ ಈ ಮಾತನ್ನು ಎತ್ತುವುದೇ ಇಲ್ಲ. ಅವಳಿಗೆ ಇಪ್ಪತ್ತೆರಡು. ಇಲ್ಲದ ಸುಕ್ಕು ಹೋಯಿತೆಂದು ಕುಣಿಯುತ್ತಿದ್ದಾಳೆ.

ಅವಳಿಗೂ ಕಾನೂನಿದೆ ಮಾರಾಯ್ರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ತಯಾರಿಸಿದವರಿಗಷ್ಟೇ ಅಲ್ಲ, ಹೊಗಳಿದವರಿಗೂ. ದುಡ್ಡು ತೆಗೆದುಕೊಂಡು ಹೊಗಳುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದು 2022ರ ಮಾರ್ಗಸೂಚಿಯೂ ಇದೆ. ಹೇಳುತ್ತಾರೆ. ವಿಡಿಯೊದ ಮೂಲೆಯಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಅರ್ಧ ಸೆಕೆಂಡು.

ಹಾಗಾದರೆ ಏನೂ ಆಗುವುದೇ ಇಲ್ಲವೇ? ನ್ಯಾಯವಾಗಿ ಮಾತಾಡೋಣ. ಸ್ವಲ್ಪ ಆಗುತ್ತದೆ. ಜೆಲ್ಲಿನ ಪಸೆಗೆ ಚರ್ಮ ತುಸು ತುಂಬಿಕೊಳ್ಳುತ್ತದೆ. ತಿಕ್ಕಿದ್ದಕ್ಕೆ ಬೆಳಗಿನ ಊತ ಇಳಿಯುತ್ತದೆ. ಮುಖ ಕೆಲವು ಗಂಟೆ ಲವಲವಿಕೆಯಿಂದ ಕಾಣಬಹುದು. ಇದರಲ್ಲಿ ಕರೆಂಟಿನ ಪಾಲೆಷ್ಟು, ಕೈಯ ಪಾಲೆಷ್ಟು? ನಕಲಿ ಯಂತ್ರವನ್ನು ಎದುರಿಗಿಟ್ಟು, ನೂರಾರು ಜನರ ಮೇಲೆ, ಮಾರುವವರ ದುಡ್ಡು ಮುಟ್ಟದೆ, ವರ್ಷಗಟ್ಟಲೆ ಪರೀಕ್ಷಿಸಿದರೆ ತಾನೇ ತಿಳಿಯುವುದು? ಅಂಥ ಪರೀಕ್ಷೆಯ ಹೆಸರು ಹೇಳಿ ಎಂದರೆ ಮೊದಲು-ಆಮೇಲಿನ ಫೋಟೊ ತೋರಿಸುತ್ತಾರೆ. 'ಮೊದಲು' ಫೋಟೊದಲ್ಲಿ ತಲೆ ತಗ್ಗಿದೆ, ಬೆಳಕು ಮೇಲಿನಿಂದ. 'ಆಮೇಲೆ' ಫೋಟೊದಲ್ಲಿ ಗದ್ದ ಎತ್ತಿದೆ, ಬೆಳಕು ಎದುರಿನಿಂದ. ಗದ್ದ ಎತ್ತಲು ಯಂತ್ರ ಯಾಕೆ?

ಇನ್ನು ಬಳಸುವ ಕ್ರಮ. ಒಂದು ಹೆಸರಾಂತ ಯಂತ್ರಕ್ಕೆ ಮೊದಲ 60 ದಿನ ವಾರಕ್ಕೆ ಐದು ಬಾರಿ. ಆಮೇಲೆ ವಾರಕ್ಕೆ ಎರಡು ಮೂರು ಬಾರಿ. ಎಲ್ಲಿಯವರೆಗೆ? ಉಸಿರಿರುವವರೆಗೆ. ನಿಲ್ಲಿಸಿದರೆ ಮುಖ ಹಳೇ ಜಾಗಕ್ಕೇ ಬರುತ್ತದೆ. ಜೆಲ್ ಖಾಲಿಯಾದರೆ ಮತ್ತೆ ಜೆಲ್. ಯಂತ್ರ ಒಮ್ಮೆ ಕೊಳ್ಳುವುದು, ಜೆಲ್ ಜನ್ಮಪೂರ್ತಿ. ಅರವತ್ತರ ಯಕ್ಷಗಾನ ಕಲಾವಿದ ಚೌಕಿಯಲ್ಲಿ ಬಣ್ಣ ಹಚ್ಚಿ ಅಭಿಮನ್ಯುವಾಗುತ್ತಾನೆ, ಬೆಳಗಾದರೆ ತೆಂಗಿನೆಣ್ಣೆಯಲ್ಲಿ ಬಣ್ಣ ಒರೆಸಿ ಬಸ್ಸು ಹತ್ತುತ್ತಾನೆ. ಇದೂ ಅಂಥದೇ ವೇಷ. ವ್ಯತ್ಯಾಸ ಒಂದೇ: ವೇಷ ಬೆಳಗಿನವರೆಗೆ ಮಾತ್ರ ಎಂಬುದು ಅವನಿಗೆ ಗೊತ್ತಿದೆ, ಮೇಲಾಗಿ ಅವನಿಗೆ ಸಂಬಳವೂ ಇದೆ.

ಕಂಬಕ್ಕೆ ಒರಗಿದ್ದ ಗಂಡಸರೇ, ನಗಬೇಡಿ. ನಿಮ್ಮ ಮೀಸೆಯ ಕಪ್ಪು ಎಲ್ಲಿಂದ ಬಂತೆಂದು ಊರಿಗೇ ಗೊತ್ತು. ಜಂಕ್ಷನ್ನಿನಲ್ಲಿ ಶುಭಾಶಯ ಕೋರುತ್ತ ನಿಂತ ನಾಯಕರ ಮುಖದಲ್ಲಿ ಒಂದಾದರೂ ಗೆರೆ ಇದೆಯೇ? ಅದನ್ನು ಒರೆಸಿದ್ದು ಫ್ಲೆಕ್ಸ್ ಅಂಗಡಿಯ ಹುಡುಗ, ಎರಡು ನಿಮಿಷದಲ್ಲಿ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2016ರಲ್ಲಿ. ಸುಕ್ಕಿಗಿಂತ ಗಟ್ಟಿ ಜೀವ ಅದು.

ಮುಖ ಹಾಳಾಗುವುದು ಯಾಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ದೊಡ್ಡ ಕಾರಣ ತಲೆಯ ಮೇಲೇ ಇದೆ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 69 ವರ್ಷದ ಟ್ರಕ್ ಚಾಲಕನೊಬ್ಬನ ಫೋಟೊ ಪ್ರಕಟಿಸಿತು. 28 ವರ್ಷ ಓಡಿಸಿದ್ದ. ಕಿಟಕಿಯ ಕಡೆಯ ಎಡಗೆನ್ನೆ ಉತ್ತ ಗದ್ದೆ, ಬಲಗೆನ್ನೆ ಅದರ ತಮ್ಮನಂತೆ. ಗಾಜನ್ನು ತೂರಿ ಬರುವ ಅತಿನೇರಳೆ ಕಿರಣದ ಕೆಲಸ ಅದು. ನಮ್ಮ ಹೆದ್ದಾರಿ 66ರ ಚಾಲಕರಿಗೆ ಬಲಗೆನ್ನೆ, ಅಷ್ಟೇ ವ್ಯತ್ಯಾಸ.

ಪರಿಹಾರಕ್ಕೂ ಪುರಾವೆ ಇದೆ. ಆಸ್ಟ್ರೇಲಿಯಾದ ನಂಬೂರ್‌ನಲ್ಲಿ 903 ಜನರ ಮೇಲೆ ನಾಲ್ಕೂವರೆ ವರ್ಷ ನಡೆದ ಪರೀಕ್ಷೆಯ ವರದಿ 2013ರಲ್ಲಿ ಬಂತು. ಸನ್‌ಸ್ಕ್ರೀನ್ ದಿನಾ ಹಚ್ಚಿದವರ ಚರ್ಮಕ್ಕೆ ಮುಪ್ಪು ಏರಿದ್ದು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆ. ಇಲಿ ಅಲ್ಲ, ಮನುಷ್ಯರು. ಆದರೆ ಐನೂರು ರೂಪಾಯಿಯ ಟ್ಯೂಬು ಮದುವೆ ಮನೆಯಲ್ಲಿ ಬ್ಯಾಗಿನಿಂದ ತೆಗೆದು ತೋರಿಸುವಂಥದ್ದಲ್ಲ. ಕೊಡೆ, ಟೊಪ್ಪಿ ಅದಕ್ಕಿಂತ ಕಡೆ. ಮಧ್ಯಾಹ್ನ ಹನ್ನೆರಡಕ್ಕೆ ಬರಿದಲೆಯಲ್ಲಿ ಸ್ಕೂಟರ್ ಓಡಿಸಿ, ರಾತ್ರಿ ಮುಖಕ್ಕೆ ಕರೆಂಟ್ ಕೊಡುವವರೇ ಆಧುನಿಕರು.

ಬಂಗುಡೆಗೆ ಇಪ್ಪತ್ತು ರೂಪಾಯಿ ಜಾಸ್ತಿ ಹೇಳಿದರೆ ನಾವು ಸುಮ್ಮನಿರುವವರಲ್ಲ. ಕಿವಿರು ಎತ್ತಿ ನೋಡುತ್ತೇವೆ. ಕಣ್ಣು ನೋಡುತ್ತೇವೆ. ಬೆರಳಲ್ಲಿ ಒತ್ತಿ ನೋಡುತ್ತೇವೆ. "ಹೋಯ್, ಇದ್ ನಿನ್ನೆದಲ್ದಾ?" ಎಂದು ಮೀನಿನವರ ಬೆವರಿಳಿಸುತ್ತೇವೆ. 30 ಸಾವಿರದ ಯಂತ್ರಕ್ಕೆ ಒಂದು ಪ್ರಶ್ನೆಯೂ ಇಲ್ಲ. ಕಂತು ಇದೆಯಾ ಎಂಬುದೊಂದನ್ನು ಬಿಟ್ಟು.

ತೀರ್ಪು ಬೇಕೇ? ಯಾರಾದರೂ ಉಡುಗೊರೆ ಕೊಟ್ಟಿದ್ದರೆ, ಆರೋಗ್ಯ ಸರಿಯಿದ್ದರೆ, ಹೊತ್ತು ಹೋಗದಿದ್ದರೆ ಬಳಸಿ, ಅಡ್ಡಿಯಿಲ್ಲ. ಗಂಟು ಬಿಚ್ಚಿ ಕೊಳ್ಳಬೇಡಿ. ಸುಕ್ಕು ನಿಜಕ್ಕೂ ಕಾಡುತ್ತಿದ್ದರೆ ಚರ್ಮದ ವೈದ್ಯರ ಹತ್ತಿರ ಹೋಗಿ. ಅವರು ಬರೆದುಕೊಡುವ ಟ್ರೆಟಿನೋಯಿನ್ ಕ್ರೀಮಿನ ಹಿಂದೆ ದಶಕಗಳ ಪರೀಕ್ಷೆ ಇದೆ, ಮುಂದೆ ಇಷ್ಟು ಗದ್ದಲ ಇಲ್ಲ.

ಕೊಂಡೇ ಕೊಳ್ಳುತ್ತೇನೆ ಎನ್ನುವ ಹಟವಿದ್ದರೆ ಒಂದು ಕೆಲಸ ಮಾಡಿ. 'ಇದರಿಂದ ಸುಕ್ಕು ಹೋಗುತ್ತದೆ, ಹೋಗದಿದ್ದರೆ ದುಡ್ಡು ವಾಪಸ್' ಎಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಡಿ ಎನ್ನಿ. ಉಡುಪಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ ಎಂದೂ ಮೆಲ್ಲಗೆ ಸೇರಿಸಿ. ಆಮೇಲೆ ಮಾರುವವರ ಮುಖವನ್ನೇ ನೋಡುತ್ತಿರಿ. ಕರೆಂಟು, ಜೆಲ್ಲು ಏನೂ ಇಲ್ಲದೆ ಒಂದು ಮುಖ ಎಷ್ಟು ಬೇಗ ಜೋತುಬೀಳುತ್ತದೆ ಎಂಬುದು ಪುಕ್ಕಟೆ ತಿಳಿಯುತ್ತದೆ.