ಲಿನಕ್ಸಣ್ಣ

ಲಾಯಿಲದಲ್ಲಿ ಹಳೇ ಲ್ಯಾಪ್‌ಟಾಪು ಸೀದಾ ಗುಜರಿಗೆ ಹೋಗುವುದಿಲ್ಲ. ನಡುವೆ ಒಮ್ಮೆ, ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಡುವ ಲಿನಕ್ಸಣ್ಣನ ಜಗಲಿಯಲ್ಲಿ ಇಳಿಯುತ್ತದೆ. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟದ್ದು, ಬೆಂಗಳೂರಿನ ಮಗ ಹೊಸದು ಕೊಂಡು ಅಪ್ಪನಿಗೆ ದಾಟಿಸಿದ್ದು, ಸಿಡಿಲಿಗೆ ಲ್ಯಾನ್ ಪೋರ್ಟು ಸುಟ್ಟುಕೊಂಡದ್ದು, ಎಲ್ಲವೂ ಅಲ್ಲಿ ಅಡಿಕೆ ಗೋಣಿಗಳ ಪಕ್ಕ ಸರದಿಯಲ್ಲಿ ಕೂತಿರುತ್ತವೆ.

ಈ ಜಾತಿಯವರು ಉಜಿರೆಯಲ್ಲೂ ಇದ್ದಾರೆ, ಗುರುವಾಯನಕೆರೆಯಲ್ಲೂ ಇದ್ದಾರೆ. ಗುರುತಿಸುವುದು ಕಷ್ಟವಲ್ಲ. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಸಣ್ಣ ಸ್ಕ್ರೂಡ್ರೈವರ್, ಬೀಗದ ಕೈಗೊಂಚಲಲ್ಲಿ ಮೂರು ಪೆನ್‌ಡ್ರೈವ್. ಮದುವೆ ಮನೆಯಲ್ಲಿ ಸಿಕ್ಕಿದರೆ ಊಟ ಆಯಿತಾ ಎಂದು ಕೇಳುವುದಿಲ್ಲ, "ನಿಮ್ಮದ್ರಲ್ಲಿ ವೈಫೈ ಚಿಪ್‌ಸೆಟ್ ಯಾವುದು?" ಎನ್ನುತ್ತಾರೆ. ಗೊತ್ತಿಲ್ಲ ಎಂದಿರೋ, ಪಾಯಸ ಬಡಿಸಿಕೊಂಡು ಹೋಗುವುದರೊಳಗೆ ನಿಮ್ಮ ಮನೆಗೆ ಬರುವ ದಿನ ನಿಶ್ಚಯವಾಗಿರುತ್ತದೆ.

ವೈಫೈ ಕಾರ್ಡು ಆಯ್ಕೆ ಮಾಡುವುದೆಂದರೆ ಅವರಿಗೆ ಜಾತಕ ನೋಡಿದ ಹಾಗೆ. ಕಪ್ಪು ಪರದೆಯಲ್ಲಿ ಎಲ್‌ಎಸ್‌ಪಿಸಿಐ -ಎನ್ ಎಂದು ಕುಟ್ಟಿದರೆ ಸಾಲು ಸಾಲಾಗಿ ಅಂಕೆಗಳು. ಎಡಗಡೆಯ ನಾಲ್ಕು ಗೋತ್ರ, ಬಲಗಡೆಯ ನಾಲ್ಕು ನಕ್ಷತ್ರ. 8086 ಎಂದರೆ ಇಂಟೆಲ್, 168ಸಿ ಅಥೆರೋಸ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್. "ಪೆಟ್ಟಿಗೆ ಮೇಲಿನ ಹೆಸರು ನೋಡಿ ಕಾರ್ಡು ತರ್ಬೇಡಿ ಮಾರಾಯ್ರೆ. ಹೆಸರು ಅದೇ, ಮಾಡೆಲ್ ನಂಬ್ರ ಅದೇ. ಕೆಳಗೆ ವರ್ಶನ್ 2 ಅಂತ ಬರ್ದಿದ್ರೆ ಒಳಗಿನ ಚಿಪ್ಪು ಬೇರೆಯೇ ಇರ್ತದೆ." ಇದು ಅವರ ಮೊದಲ ಉಪದೇಶ. ಇದರಲ್ಲಿ ಸುಳ್ಳೂ ಇಲ್ಲ.

ಎರಡನೆಯ ಉಪದೇಶಕ್ಕೆ ಸ್ವಲ್ಪ ಬಿಡುವು ಮಾಡಿಕೊಂಡು ಕೂರಬೇಕು, ಏಕೆಂದರೆ ಅದು ಇತಿಹಾಸ. 1991ರಲ್ಲಿ ಲಿನಕ್ಸ್ ಶುರುಮಾಡಿದ ಹೆಲ್ಸಿಂಕಿಯ ಲಿನಸ್ ಟೊರ್ವಾಲ್ಡ್ಸ್‌ನಿಂದ ಹೊರಟು ಬ್ರಾಡ್‌ಕಾಮ್ ಚಿಪ್ಪಿಗೆ ಮುಟ್ಟುವಾಗ ಚಾ ಆರಿರುತ್ತದೆ. ಕಂಪನಿ ಚಿಪ್ಪಿನ ಗುಟ್ಟು ಬಿಟ್ಟುಕೊಡದ ಕಾಲದಲ್ಲಿ ಕೆಲವರು ಕೂತು, ಕಂಪನಿಯದೇ ಡ್ರೈವರ್ ಆ ಚಿಪ್ಪಿನೊಡನೆ ಏನು ಮಾತಾಡುತ್ತದೆಂದು ಬಿಚ್ಚಿ ನೋಡಿ, ಬಿ43 ಎಂಬ ಡ್ರೈವರನ್ನು ಬರೆದರು. ಅದು ಕರ್ನಲ್ ಒಳಗೆ ಬಂದದ್ದು 2008ರ ಜನವರಿಯಲ್ಲಿ, 2.6.24ರ ಜತೆ. ಅದೇ ವರ್ಷ ಅಕ್ಟೋಬರಿನಲ್ಲಿ ಅಥೆರೋಸ್‌ನ ಎಟಿಎಚ್9ಕೆ ಬಂತು. ಬ್ರಾಡ್‌ಕಾಮ್ ತಾನಾಗಿ ಬಾಗಿಲು ತೆರೆದದ್ದು 2010ರ ಸೆಪ್ಟೆಂಬರಿನಲ್ಲಿ, ಅದೂ ಕೆಲವೇ ಚಿಪ್ಪುಗಳಿಗೆ. ಈ ತಾರೀಕುಗಳನ್ನು ತಪ್ಪಿಲ್ಲದೆ ಹೇಳುವ ಲಿನಕ್ಸಣ್ಣನಿಗೆ ಸ್ವಂತ ಮದುವೆಯ ತಾರೀಕನ್ನು ಹೆಂಡತಿಯೇ ನೆನಪಿಸಬೇಕು.

ಮೊನ್ನೆ ಸರದಿ ನಮ್ಮ ನಿವೃತ್ತ ಮಾಷ್ಟ್ರದ್ದು. ಅವರಿಗೆ ಬೇಕಾದದ್ದು ಹೆಚ್ಚೇನಿಲ್ಲ: ಸರಕಾರದ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಬೇಕು, ರಾತ್ರಿ ಯಕ್ಷಗಾನದ ಲೈವ್ ಹಾಕಬೇಕು. ಒಳಗಿನ ವೈಫೈ ಕಾರ್ಡು ಸತ್ತಿದೆ. ಲಿನಕ್ಸಣ್ಣ ಅಡಿಭಾಗ ಬಿಚ್ಚಿ, ಕರಿ-ಬಿಳಿ ಆಂಟೆನಾ ವಯರುಗಳನ್ನು ಸಿಕ್ಕಿಸಿ, ಬೇರೆ ಕಾರ್ಡು ಕೂರಿಸಿದರು. ಲ್ಯಾಪ್‌ಟಾಪು ಅನಧಿಕೃತ ಕಾರ್ಡು ಎಂದು ಬರೆದು ಹಟ ಹಿಡಿದು ನಿಂತುಬಿಟ್ಟಿತು. ಕೆಲವು ಕಂಪನಿಗಳು ತಾವು ಒಪ್ಪಿದ ಕಾರ್ಡುಗಳ ಪಟ್ಟಿಯನ್ನು ಬಯಾಸ್‌ನಲ್ಲೇ ಬರೆದಿಟ್ಟಿರುತ್ತವೆ. ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಯಂತ್ರ ಮುಂದಕ್ಕೇ ಹೋಗುವುದಿಲ್ಲ. ಬೇರೆಯವರಾದರೆ ಬೈದುಕೊಳ್ಳುತ್ತಿದ್ದರು. ಲಿನಕ್ಸಣ್ಣನ ಮುಖ ಅರಳಿತು.

"ಹಾಗಾದ್ರೆ ಬದಿಯಿಂದ ಎಕ್ಸ್‌ಪ್ರೆಸ್‌ಕಾರ್ಡ್ ಹಾಕುವ. ಅಲ್ಲಿ ಆ ಪಟ್ಟಿಯ ಕಿರಿಕಿರಿ ಇಲ್ಲ. ಮಾಷ್ಟ್ರೇ, ನಿಮ್ಮದು 34ಓ 54ಓ?"

"ನನಗೆ 66 ಆಯ್ತು ಮಾರಾಯ."

ಅವರು ಕೇಳಿದ್ದು ಕಿಂಡಿಯ ಅಗಲ, ಮಿಲಿಮೀಟರಿನಲ್ಲಿ. ಕಿಂಡಿಯಿಂದ ಒಂದು ಪ್ಲಾಸ್ಟಿಕ್ ತುಂಡನ್ನು ಎಳೆದಾಗ ಮಾಷ್ಟ್ರು ಹೌಹಾರಿದರು. ಧೂಳು ಹೋಗದಂತೆ ಕಂಪನಿ ತುರುಕಿದ್ದ ಆ ಸುಳ್ಳು ಕಾರ್ಡನ್ನು ಅವರು ಇಷ್ಟು ವರ್ಷ ಮುಖ್ಯ ಭಾಗವೆಂದೇ ನಂಬಿ, ಒಂದು ದಿನವೂ ಮುಟ್ಟದೆ ಕಾಪಾಡಿದ್ದರು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿಸಿ ಕಾರ್ಡು ತರಿಸುವುದೆಂದಾಯಿತು. ಅಷ್ಟರಲ್ಲಿ ರಜೆಗೆ ಬಂದಿದ್ದ ಮಾಷ್ಟ್ರ ಮೊಮ್ಮಗಳು ಅಡಿಗೆಮನೆಯಿಂದ ಇಣುಕಿದಳು. ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದಲ್ಲಿ ಎಂಟನೆಯ ಕ್ಲಾಸು. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರೆಂದರೆ ಲಿನಕ್ಸೇ. ಐಟಿ@ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ, ಈಗ ಅದರ ಹೆಸರು ಕೈಟ್. ಲಿನಕ್ಸಣ್ಣ ಊರಿಡೀ ಸಾರುವುದನ್ನು ಆ ಮಕ್ಕಳು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಮರೆತೂ ಆಗಿದೆ.

"ಅಜ್ಜ, ಮೊಬೈಲಿಗೆ ಚಾರ್ಜಿನ ಕೇಬಲ್ ಹಾಕಿ ಇದಕ್ಕೆ ಕುತ್ತಿ, ಯುಎಸ್‌ಬಿ ಟೆಥರಿಂಗ್ ಒತ್ತಿದ್ರೆ ಆಯ್ತಲ್ಲ?" ಎಂದಳು. ಕುತ್ತಿಯೂ ಕುತ್ತಿದಳು. ಡ್ರೈವರ್ ಬೇಡ, ಏನೂ ಬೇಡ, ಪಹಣಿ ತೆರೆದುಕೊಂಡಿತು.

ಲಿನಕ್ಸಣ್ಣ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ಬಹಳ ಸಮಾಧಾನದಿಂದ, "ಅದು ಅಡ್ಡದಾರಿ ಮಗಾ" ಎಂದರು.

ಇಂಥವರ ಗುಟ್ಟು ಇಲ್ಲೇ ಇರುವುದು. ಅವರಿಗೆ ಇಂಟರ್‌ನೆಟ್ ಬೇಡ. ಬಂದರೆ ಏನು ನೋಡಬೇಕೆಂದೂ ಗೊತ್ತಿಲ್ಲ. ಬೇಕಾದದ್ದು ಬಾರದಿರುವ ಇಂಟರ್‌ನೆಟ್. ಡೆಬಿಯನ್‌ನವರು 2023ರ ಜೂನಿನಲ್ಲಿ 12ನೇ ಆವೃತ್ತಿ ಬಿಡುವಾಗ ವೈಫೈಗೆ ಬೇಕಾದ ಫರ್ಮ್‌ವೇರನ್ನು ಇನ್‌ಸ್ಟಾಲರಿನಲ್ಲೇ ಸೇರಿಸಿ ಕೊಟ್ಟರು. ಜಗತ್ತು ಖುಷಿಪಟ್ಟಿತು, ಲಿನಕ್ಸಣ್ಣ ಮಾತ್ರ, "ಇನ್ನೆಂತ ಮಜಾ ಉಂಟು ಮಾರಾಯ್ರೆ" ಎಂದು ತೋಟಕ್ಕೆ ಬೋರ್ಡೋ ಬಿಡಿಸಲು ಹೋದರು. ವೈಫೈ ಮೊದಲ ಸಲಕ್ಕೇ ಹಿಡಿದ ಮನೆಗೆ ಅವರು ಮತ್ತೆ ಕಾಲಿಡುವುದಿಲ್ಲ. ಹಿಡಿಯದ ಮನೆಯ ಮಕ್ಕಳ ಹೆಸರು, ದನದ ಹೆಸರು ಎಲ್ಲ ಬಾಯಿಪಾಠ.

ಮಾಷ್ಟ್ರ ಕಾರ್ಡು ಚಾರ್ಮಾಡಿ ಇಳಿದು ಬಂತು. 168ಸಿ ಗೋತ್ರ. ತುರುಕಿದ ಕೂಡಲೇ ಊರಿನ ವೈಫೈಗಳ ಹೆಸರೆಲ್ಲ ಪರದೆಯಲ್ಲಿ ಸಾಲಾಗಿ ನಿಂತವು. ಲಿನಕ್ಸಣ್ಣ ಸ್ಕ್ರೂಡ್ರೈವರನ್ನು ಮೆಲ್ಲ ಕಿಸೆಗೆ ಹಾಕಿಕೊಂಡು ಎದ್ದರು. ಸಂಜೆ ಚಾಕ್ಕೆ ಇನ್ನು ಯಾರೂ ಬರುವುದಿಲ್ಲವೆಂದು ಮಾಷ್ಟ್ರಿಗೂ ಹೊಳೆದಿರಬೇಕು.

"ಎಲ್ಲ ಸರಿ ಮಾರಾಯ. ಆದ್ರೆ ಈ ಬ್ಲೂಟೂತ್ ಯಾಕೋ ಹಿಡಿಯುವುದಿಲ್ಲ."

ಮಾಷ್ಟ್ರ ಮನೆಯಲ್ಲಿ ಬ್ಲೂಟೂತಿಗೆ ಜೋಡಿಸುವಂಥ ಒಂದು ವಸ್ತುವೂ ಇಲ್ಲ.

"ಹೌದಾ!" ಎಂದ ಲಿನಕ್ಸಣ್ಣ ಮತ್ತೆ ಕೂತರು. "ಅದು ಬೇರೆಯೇ ಚಿಪ್ಪು ಮಾಷ್ಟ್ರೇ. ಸುಲಭದಲ್ಲಿ ಮುಗಿಯುವ ಕೇಸಲ್ಲ."